ಮೇಜಿನ ಅಗಲ

ಊಟದ ಮೇಜು ಮಾಡಿಸಬೇಕು ಎಂದು ಯಾರಾದರೂ ನನ್ನ ಹತ್ತಿರ ಸಲಹೆ ಕೇಳಿದರೆ, ಉದ್ದ ಆಮೇಲೆ ನೋಡಿ, ಮೊದಲು ಅಗಲ ನೋಡಿ ಎನ್ನುತ್ತೇನೆ. ಉದ್ದದ ಲೆಕ್ಕ ಯಾರಿಗಾದರೂ ಬರುತ್ತದೆ. ಅನ್ನ ಕಲಸುವ ಮೊಳಕೈ ಮೈಗೆ ಅಂಟಿಕೊಂಡಿರುತ್ತದೆ, ರೊಟ್ಟಿ ಮುರಿಯುವ ಮೊಳಕೈ ಪಕ್ಕಕ್ಕೆ ಚಾಚುತ್ತದೆ. ರೊಟ್ಟಿ ತಿನ್ನುವ ಮನೆಯಾದರೆ ಆಳಿಗೆ ಎರಡು ಅಡಿ ಬೇಕೇ ಬೇಕು. ಕುರ್ಚಿಯ ಹಲಗೆಗೂ ಮೇಜಿಗೂ ನಡುವೆ ಒಂದು ಗೇಣು ನಾಲ್ಕು ಬೆರಳು ಇದ್ದರೆ ತೊಡೆ ತಗಲುವುದಿಲ್ಲ. ಕುರ್ಚಿ ಹಿಂದಕ್ಕೆ ಎಳೆದ ಮೇಲೂ ಗೋಡೆಯ ಕಡೆ ಒಬ್ಬರು ಸಾರಿನ ಪಾತ್ರೆ ಹಿಡಿದು ಹಾಯುವಂತಿರಬೇಕು. ಇಷ್ಟೆಲ್ಲ ನನಗೆ ಆಗಲೇ ಗೊತ್ತಿತ್ತು, ನನ್ನ ಮೇಜಿನಲ್ಲಿ ಇವೆಲ್ಲ ಸರಿಯಾಗಿಯೇ ಇದ್ದವು. ಅಗಲವನ್ನು ಮಾತ್ರ ನಾನು ಚೌಕಾಸಿಯಲ್ಲಿ ಬಿಟ್ಟುಕೊಟ್ಟೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಕುಕ್ಕುವಾಡದಿಂದ ದಾವಣಗೆರೆಗೆ ಬಂದಳು. ನಾನು ಪೇಟೆಯಲ್ಲಿ ಚೀಲ ಹೊತ್ತೆ, ತೂಕ ಮಾಡುವುದು ಕಲಿತೆ, ಕಡೆಗೆ ಶೇಂಗಾ ಕೊಂಡು ಮಾರುವ ನನ್ನದೇ ಅಂಗಡಿ ಹಾಕಿದೆ. ತಮ್ಮ ಬೆಳೆದು ಜೊತೆಗೆ ನಿಂತ. ಇಬ್ಬರಿಗೂ ಮದುವೆಯಾಯಿತು. ಒಂದೇ ಮನೆ, ಒಂದೇ ಒಲೆ. ಅವ್ವ ಬೇರೆ ಏನನ್ನೂ ಬೇಡಿದವಳಲ್ಲ. "ನಾನಿರೋ ಮಟ ಈ ಮನ್ಯಾಗೆ ಎರಡು ಒಲೆ ಹೊತ್ತಬಾರ್ದು ನೋಡ್ರಪ್ಪ" ಎಂದು ಮಾತ್ರ ಹೇಳುತ್ತಿದ್ದಳು. ಸೊಸೆಯರು ಬಂದ ದಿನದಿಂದ ಅದು ಅವಳ ಬಾಯಲ್ಲಿ ಜಪದಂತೆ ಆಗಿತ್ತು.

ಹಾಗಿರುವಾಗ ಒಂದು ವರ್ಷ ತಮ್ಮನ ಮಾವ ಹರಿಹರದ ರಸ್ತೆಯ ಬಾತಿಯಿಂದ ಶೇಂಗಾ ಹೇರಿಕೊಂಡು ನಮ್ಮ ಅಂಗಡಿಗೇ ಬಂದರು. ನಾನು ಎಲ್ಲರ ಕಾಯಿ ಒಡೆದು ನೋಡುವಂತೆ ಅವರ ಕಾಯನ್ನೂ ಒಡೆದು ನೋಡಿದೆ, ಎಲ್ಲರೊಡನೆ ಎಳೆದಾಡುವಂತೆ ಅವರೊಡನೆಯೂ ಎಳೆದಾಡಿದೆ, ಮಣ್ಣು ಜಾಸ್ತಿ ಎಂದು ದರ ಇಳಿಸಿದೆ. ಬೀಗರೆಂದು ಕಣ್ಣು ಮುಚ್ಚಿ ಕೊಂಡರೆ ನಾಳೆ ಊರಿಗೆ ಊರೇ ಬೀಗರಾಗಿ ಬರುತ್ತದೆ. ಸುತ್ತ ನಿಂತಿದ್ದ ರೈತರು ನಕ್ಕರು. ಬೀಗರು ಸರಕು ಹಾಕಿ ಒಂದು ಲೋಟ ನೀರೂ ಕುಡಿಯದೆ ಗಾಡಿ ಹೂಡಿದರು. ಅವತ್ತಿನಿಂದ ತಮ್ಮ ನನ್ನ ಜೊತೆ ಮಾತು ಬಿಟ್ಟ.

ಮಾತು ಬಿಟ್ಟರೂ ಮನೆ ನಡೆಯಿತು. ನಮ್ಮಲ್ಲಿ ಗಂಡಸರು ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುವುದು, ಪ್ರತಿಯೊಬ್ಬರ ಮುಂದೆ ಒಂದು ಅಡ್ಡಣಿಗೆ, ಅಂದರೆ ತಾಟು ಇಡುವ ಗಿಡ್ಡ ಮರದ ಮಣೆ. ನನ್ನ ಅಡ್ಡಣಿಗೆ ನನಗೆ, ಅವನದು ಅವನಿಗೆ. ಹೆಂಗಸರು ಆಮೇಲೆ ಒಳಗೆ ಉಣ್ಣುತ್ತಿದ್ದರು. ಬಡಿಸುವುದನ್ನು ಮಾತ್ರ ಅವ್ವ ಸೊಸೆಯರಿಗೆ ಬಿಟ್ಟುಕೊಟ್ಟಿರಲಿಲ್ಲ. ನಮ್ಮಿಬ್ಬರ ಮಾತೂ ಅವಳ ಮೇಲೆಯೇ ಹೋಗಿ ಬರುತ್ತಿತ್ತು.

"ಅವ್ವ, ನಾಳೆ ಊರಿಂದ ಗಾಡಿ ಬರ್ತಾವಂತೆ, ಯಾರಾರ ಬ್ಯಾಗ ಹೋಗಿ ಅಂಗಡಿ ತೆಗಿಬೇಕು" ಎಂದು ನಾನು ತಾಟಿಗೆ ಹೇಳುತ್ತಿದ್ದೆ.

"ತೆಗಿಯೋರು ತೆಗಿತಾರೆ ಬಿಡವ್ವ" ಎಂದು ಅವನು ತನ್ನ ತಾಟಿಗೆ ಹೇಳುತ್ತಿದ್ದ.

"ಇಬ್ರೂ ಸೇರಿ ನನ್ನ ಟಪಾಲಿನೋಳ್ನ ಮಾಡೀರಲ್ಲೋ! ರೊಟ್ಟಿ ಹಾಕ್ಲಾ, ಕಾಗ್ದ ಹಂಚ್ಲಾ?" ಎಂದು ಅವ್ವ ಗೊಣಗುತ್ತಿದ್ದಳು.

ಅವನು ಬೆಳಿಗ್ಗೆ ಹೊತ್ತಿಗೆ ಮುಂಚೆ ಅಂಗಡಿ ತೆಗೆದಿರುತ್ತಿದ್ದ. ಅಲ್ಲೂ ಅವನು ಒಳಗೆ ತಕ್ಕಡಿಯ ಹತ್ತಿರ, ನಾನು ಹೊರಗೆ ಗಾಡಿಗಳ ಹತ್ತಿರ. ಹೀಗೇ ಒಂದು ವರ್ಷದ ಮೇಲಾಯಿತು. ಜನ ಇದನ್ನು ಜಗಳ ಎನ್ನುತ್ತಾರೆ. ಈಗ ಯೋಚಿಸಿದರೆ, ಇದಕ್ಕಿಂತ ಚೆನ್ನಾಗಿ ನಾವು ಮತ್ತೆಂದೂ ಒಟ್ಟಿಗೆ ಇರಲಿಲ್ಲ. ಸಾಲಾಗಿ ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅವನು ರೊಟ್ಟಿ ಅಗಿಯುವ ಸದ್ದು ಕೇಳುತ್ತಿತ್ತು, ಉಪ್ಪಿಗೆ ಚಾಚುವ ಕೈ ಕಣ್ಣಂಚಿಗೆ ಬರುತ್ತಿತ್ತು. ಅಷ್ಟೇ ಸಾಕಾಗಿತ್ತು. ಉಂಡು ಕೈ ತೊಳೆಯುವಾಗ ನಾನು ಚೊಂಬು ಕೆಳಗಿಟ್ಟರೆ ಅವನು ಎತ್ತಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಅವ್ವನ ಮೊಣಕಾಲು ಹೋದವು. ಬಗ್ಗಿ ಪಲ್ಯ ಹಾಕಿದವಳು ಗೋಡೆ ಹಿಡಿಯದೆ ಏಳಲಾರಳು. ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಕೆಳಗೆ ಬಗ್ಗಿ ಬಡಿಸೋದು ಬಿಡಬೇಕಮ್ಮ, ಸೊಸೆಯಂದಿರು ಇಲ್ವಾ?" ಎಂದರು. ಅವ್ವ ನನ್ನ ತೋಳು ಹಿಡಿದು ಮನೆಗೆ ನಡೆದಳು. ಮನೆಯ ಬಾಗಿಲಲ್ಲಿ ನಿಂತು, "ಸೊಸೆದೇರು ಬಡಿಸಿದ್ರೆ ನೀವಿಬ್ರು ಹೆಂಗೆ ಮಾತಾಡ್ತೀರೋ?" ಎಂದಳು. ಬಾವನ ಮುಂದೆ ನಿಂತು ತಮ್ಮನ ಹೆಂಡತಿ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ನನ್ನ ಹೆಂಡತಿಗೋ, ಮೈದುನ ತನ್ನ ಗಂಡನ ಜೊತೆ ಮಾತು ಬಿಟ್ಟಿದ್ದಾನೆ ಎಂಬ ಸಂಕೋಚ. ಅವ್ವ ಬಡಿಸದಿದ್ದರೆ ನಮ್ಮ ನಡುವೆ ಇದ್ದ ಒಂದೇ ದಾರಿಯೂ ಮುಚ್ಚುತ್ತಿತ್ತು.

ಅದಕ್ಕೇ ಮೇಜು. ಅವ್ವ ನಿಂತಲ್ಲೇ ಬಡಿಸಬಹುದು. ಆ ಕಾಲಕ್ಕೆ ನಮ್ಮಂಥವರ ಮನೆಯಲ್ಲಿ ಯಾರೂ ಮೇಜಿನ ಮೇಲೆ ಉಣ್ಣುತ್ತಿರಲಿಲ್ಲ. ಹರಿಹರದಲ್ಲಿ ಕಾರ್ಖಾನೆ ಬಂದ ಹೊಸದರಲ್ಲಿ ಆಫೀಸರುಗಳ ಮನೆಗೆಂದು ಅಲ್ಲಿನ ಬಡಗಿಗಳು ಮಾಡತೊಡಗಿದ್ದರು. ಪಡಸಾಲೆಯ ಕಂಬದಿಂದ ಗೋಡೆಗೆ ಹಗ್ಗ ಹಿಡಿದು ಅಳೆದು, ಹಗ್ಗಕ್ಕೆ ಗಂಟು ಹಾಕಿ, ಹರಿಹರಕ್ಕೆ ಹೋದೆ.

"ಅಗಲಕ್ಕೆ ಇನ್ನೊಂದು ಹಲಿಗೆ ಹಾಕಸ್ರಿ ಸಾವ್ಕಾರ್ರೆ, ನೋಡಾಕ ಗತ್ತು ಇರ್ತದೆ" ಎಂದ ಬಡಗಿ.

"ಗತ್ತು ತಗಂಡು ನೆಕ್ಕಬೇಕೇನಪ್ಪ? ತಾಟಿಗೆ ತಾಟು ತಗಲದಿದ್ರೆ ಸಾಕು."

"ಮತ್ತೆ ಪಲ್ಯದ ಬೋಗುಣಿ ಎಲ್ಲಿ ಇಡ್ತೀರಿ?"

"ನಮ್ಮವ್ವ ಕೈಯಾಗೆ ಹಿಡ್ಕಂಡು ಬಡಿಸ್ತಾಳೆ. ಹಲಿಗೆ ಬಿಡು, ದರ ಇಳಿಸು."

"ನಿಮ್ಮಂಥೋರು ನಾಕು ಮಂದಿ ಬಂದ್ರೆ ನಾನು ಅಂಗಡಿ ಮುಚ್ಚಿ ಹೊಳೆ ದಂಡಿಗೆ ಹೋಗಿ ಕುಂದ್ರಬೇಕು ನೋಡ್ರಿ" ಎಂದು ಅವನು ನಕ್ಕ. ಹಲಗೆ ಬಿಟ್ಟ. ಗೆದ್ದೆ ಎಂದುಕೊಂಡೆ.

ಮೇಜು ಚಕ್ಕಡಿಯಲ್ಲಿ ಬಂತು. ಹಿಂದೆ ನಾನೂ ಕೂತಿದ್ದೆ. ಬಾತಿಯ ಹತ್ತಿರ ರಸ್ತೆಯ ಮಗ್ಗುಲಲ್ಲಿ ತಮ್ಮನ ಮಾವ ನಿಂತಿದ್ದರು. ಕಂಡೂ ಕಾಣದಂತೆ ಹೋಗುವಂತಿರಲಿಲ್ಲ.

"ಏನ್ ಬೀಗ್ರೆ, ಇಷ್ಟುದ್ದ! ಯಾರನ್ನ ಮಲಗಿಸ್ತೀರಿ ಇದರ ಮ್ಯಾಲೆ?"

"ಊಟದ ಮೇಜು ರೀ. ಅವ್ವಗೆ ಬಗ್ಗಾಕ ಆಗವಲ್ದು."

"ಹೌದಾ? ಎಷ್ಟಕ್ಕೆ ಇಳಿಸಿದ್ರಿ? ನಮ್ಮ ಶೇಂಗಾ ಇಳಿಸಿದಂಗೇನು?"

ಗಾಡಿಯವನು ಕಿಸಕ್ಕನೆ ನಕ್ಕ. ನಾನೂ ನಕ್ಕೆ. ಅವರು ನಗಲಿಲ್ಲ.

ಮೊದಲ ದಿನ ಅವ್ವ ಮೇಜಿಗೆ ವಿಭೂತಿ ಹಚ್ಚಿ ಹೂವಿಟ್ಟಳು. ಅಡ್ಡಣಿಗೆಗಳನ್ನು ಅಟ್ಟಕ್ಕೆ ಹಾಕಿಸಿದಳು. ನಾನು ಹೋಗಿ ಒಂದು ಕುರ್ಚಿಯಲ್ಲಿ ಕೂತೆ. ತಮ್ಮ ಬಂದು ಸ್ವಲ್ಪ ಹೊತ್ತು ನಿಂತ. ನನ್ನ ಪಕ್ಕದ ಕುರ್ಚಿಗೆ ಬಂದರೆ ರಾಜಿಯಾದಂತೆ ಕಾಣುತ್ತದೆ ಎಂದು ಅವನಿಗೆ ಅನ್ನಿಸಿರಬೇಕು. ಸುತ್ತಿಕೊಂಡು ಹೋಗಿ ಆ ಕಡೆ ಕೂತ. ಕೂತ ಮೇಲೆ ಮೇಜು ಎಷ್ಟು ಕಿರಿದೆಂದು ಇಬ್ಬರಿಗೂ ಗೊತ್ತಾಯಿತು.

ಎರಡು ತಾಟಿನ ಆಚೆ ಅವನ ಮುಖ ಇತ್ತು. ಒಂದು ವರ್ಷದ ಮೇಲೆ ನೆಟ್ಟಗೆ ಕಂಡ ಮುಖ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಅದು ಯಾವಾಗ ಆಯಿತೋ ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದನ್ನು ಅವನು ನೋಡಿದ. ತಾಟು ನೋಡೋಣವೆಂದರೆ ಅವನ ಬೆರಳು ಕಾಣುತ್ತಿದ್ದವು, ಕತ್ತು ಎತ್ತಿದರೆ ಕಣ್ಣು. ಗೋಡೆಗೆ ಬೆನ್ನು ಕೊಟ್ಟು ಕೂತವನಿಗೆ ಅಂಗಳ ಇರುತ್ತದೆ, ಬಾಗಿಲು ಇರುತ್ತದೆ, ದಾರಿಯಲ್ಲಿ ಹೋಗುವ ಎಮ್ಮೆಯಾದರೂ ಇರುತ್ತದೆ. ಇಲ್ಲಿ ಕಣ್ಣನ್ನು ಎಲ್ಲಿ ಇಡುವುದು? ಅವ್ವ ಮಾತ್ರ ನೆಟ್ಟಗೆ ನಿಂತು ಬಡಿಸುತ್ತ, "ಎಷ್ಟು ಹಗೂರ ಆತಪ್ಪ ಜೀವಕ್ಕೆ" ಎಂದು ಖುಷಿಯಲ್ಲಿದ್ದಳು.

ನಾನು ರೂಢಿಯಂತೆ ಅಂದೆ: "ಅವ್ವ, ಮಜ್ಜಿಗೆ ಬೇಕೇನು ಕೇಳು ಅವಂಗೆ."

ತಮ್ಮ ರೊಟ್ಟಿ ಕೆಳಗಿಟ್ಟ. "ಎದುರಿಗೇ ಕುಂತೀನಿ. ನಾನೇನ್ ಸತ್ತೀನೇನು, ಅವ್ವನ್ನ ಕೇಳಾಕ?"

ಮಾತು ಬಿಟ್ಟ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ಅವ್ವನ ಮುಖ ಒಂದು ಗಳಿಗೆ ಅರಳಿತು, ಮಾತು ಕೂಡಿತು ಎಂದು.

"ಒಂದು ವರ್ಷ ಯಾರು ಸತ್ತಂಗೆ ಕುಂತಿದ್ರು?" ಎಂದೆ.

"ನನ್ನ ಮಾವನ್ನ ನಿಂದ್ರಿಸಿ ಮಂದಿ ಕೈಲಿ ನಗಿಸಿದ್ಯಲ್ಲ, ಅವತ್ತೇ ಸತ್ತೆ ನಾನು."

"ವ್ಯಾಪಾರದಾಗೆ ಮಾವ ಏನು, ಬೀಗ ಏನು? ಮಣ್ಣಿತ್ತು, ಇಳಿಸಿದೆ."

"ಹ್ಞೂಂ, ನಾಳೆ ಅವ್ವನ್ನೂ ತಕ್ಕಡ್ಯಾಗೆ ಕುಂಡ್ರಿಸು. ಮೊಣಕಾಲಿಗೆ ಅಂತ ಒಂದಿಷ್ಟು ಇಳಿಸು."

"ಮಾವನ ಮನಿ ಅಷ್ಟು ರುಚಿ ಆದ್ರೆ ಅಲ್ಲೇ ಹೋಗಿ ಉಣ್ಣು."

ಅವನು ಎದ್ದ. ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು. ನಮ್ಮಲ್ಲಿ ಉಣ್ಣುವ ತಾಟು ಬಿಟ್ಟು ಯಾರೂ ಏಳುವುದಿಲ್ಲ. "ಕುಂದ್ರೋ, ಕುಂದ್ರೋ ಮಗಾ" ಎನ್ನುತ್ತ ಅವ್ವ ಮೇಜು ಸುತ್ತಿ ಹೋಗುವಷ್ಟರಲ್ಲಿ ಅವನು ಮೆಟ್ಟು ಮೆಟ್ಟಿಕೊಂಡಾಗಿತ್ತು. ಮಜ್ಜಿಗೆಯ ಪಾತ್ರೆ ಅವಳ ಕೈಯಲ್ಲೇ ಇತ್ತು.

ಹುಟ್ಟಿದಾಗಿನಿಂದ ನನಗೆ ಬಾಯಿ ಇದೆ, ಅವನಿಗೂ ಇದೆ. ಆ ಒಂದು ವರ್ಷದಲ್ಲಿ ಈ ಮಾತು ಹತ್ತು ಸಲ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹತ್ತು ಸಲವೂ ಎದುರಿಗೆ ಮುಖ ಇಲ್ಲವೆಂದು ಒಳಗೇ ಇಳಿದಿತ್ತು. ಮನೆ ಒಡೆದದ್ದು ಶೇಂಗಾದಿಂದ ಎಂದು ಊರಿನವರು ಹೇಳುತ್ತಾರೆ. ಶೇಂಗಾ ಇಳಿಸಿದ ಮೇಲೂ ಒಂದು ವರ್ಷ ಮನೆ ನಿಂತಿತ್ತಲ್ಲ!

ಅವನು ಆಮೇಲೆ ಮೇಜಿಗೆ ಬರಲಿಲ್ಲ. ಅಂಗಡಿಯಲ್ಲೇ ಮಂಡಕ್ಕಿ ತಿಂದು ಹೊತ್ತು ಕಳೆದ. ಕೆಲವು ದಿನಕ್ಕೆ ಹಿತ್ತಿಲ ಕೋಣೆಯಿಂದ ಒಗ್ಗರಣೆಯ ವಾಸನೆ ಬಂತು. ಅವ್ವ ನನಗೆ ಸಾರು ಬಡಿಸುತ್ತಿದ್ದಳು. ಮೂಗು ಎತ್ತಿ ನಿಂತಳು. ಹಿತ್ತಿಲ ಬಾಗಿಲ ತನಕ ಹೋದವಳು ಒಳಗೆ ಇಣುಕದೆ ಹಿಂದಕ್ಕೆ ಬಂದಳು. ಒಂದೇ ಒಲೆಯ ಮಾತನ್ನು ಅವಳು ಮತ್ತೆ ಆಡಲೇ ಇಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಮಳೆಗಾಲಕ್ಕೆ ಮುಂಚೆ ತಮ್ಮ ಹರಿಹರದ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಹಿಡಿದು ಹೆಂಡತಿಯನ್ನು ಕರೆದುಕೊಂಡು ಹೋದ.

ಮೇಜಿನಿಂದ ಅವ್ವನ ಕಾಲಿಗೆ ಗುಣವೇ ಆಯಿತು. ಡಾಕ್ಟರು ಒಳ್ಳೆಯ ಕೆಲಸ ಮಾಡಿದಿರಿ ಎಂದರು.

ನಾನು ಸುಮ್ಮನೆ ಕೂರುವವನಲ್ಲ. ಮೇಜನ್ನು ಎಳೆದು ಗೋಡೆಗೆ ಹಚ್ಚಿದೆ, ಕುರ್ಚಿಗಳನ್ನು ಒಂದೇ ಬದಿಗೆ ಸಾಲಾಗಿ ಇಟ್ಟೆ. ತಮ್ಮ ಬಂದು ಕೂತರೆ ಇಬ್ಬರಿಗೂ ಗೋಡೆ ಕಾಣಬೇಕು, ಹಾಗೆ. ಇಂದಿಗೂ ಅಣ್ಣತಮ್ಮಂದಿರು ಇರುವ ಮನೆಗೆ ನಾನು ಕೊಡುವ ಸಲಹೆ ಇದೇ. ಮೊದಲೇ ಹಾಗೆ ಹಾಕಬೇಕು, ಆಮೇಲೆ ಎಳೆದರೆ ಕಾಲಿನ ಗುರುತು ನೆಲದಲ್ಲಿ ಉಳಿಯುತ್ತದೆ.

ಯುಗಾದಿಗೆ ತಮ್ಮ ಅವ್ವನನ್ನು ನೋಡಲು ಬಂದ. ಬೆಳಗಿನ ರೈಲಿಗೆ ಬಂದವನು, ಹಣೆಯ ವಿಭೂತಿ ಇನ್ನೂ ಮಾಸಿರಲಿಲ್ಲ. ಪೂಜೆ ಮಾಡಿ ಹೊರಟಿದ್ದಾನೆ, ಉಂಡಿಲ್ಲ. ನನಗೆ ಗೊತ್ತಾಯಿತು, ಅವ್ವನಿಗೂ ಗೊತ್ತಾಯಿತು.

"ಹೋಳಿಗೆ ಮಾಡೀನಿ, ಕುಂದ್ರು ಬಾ."

ಅವನು ಗೋಡೆಗೆ ಹಚ್ಚಿದ ಮೇಜನ್ನು ನೋಡಿದ. ಸಾಲಾಗಿಟ್ಟ ಕುರ್ಚಿಗಳನ್ನು ನೋಡಿದ. ಯಾಕೆ ಹಾಗಿಟ್ಟಿದ್ದೇನೆಂದು ಅವನಿಗೆ ತಿಳಿಯದೆ ಇರಲಿಲ್ಲ. "ಊಟ ಆಗೈತವ್ವ" ಎಂದ.

ಅವ್ವ ನನ್ನ ಹೆಂಡತಿಗೆ ಹೇಳಿ ಅಟ್ಟದಿಂದ ಅಡ್ಡಣಿಗೆಗಳನ್ನು ಇಳಿಸಿಕೊಂಡಳು. ಸೆರಗಿನಿಂದ ಧೂಳು ಒರೆಸಿ, ಹಳೆಯ ಜಾಗದಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು, ತಾಟಿಟ್ಟು, ಯಾರು ಬೇಡವೆಂದರೂ ಕೇಳದೆ ಬಗ್ಗಿ ಹೋಳಿಗೆ ಹಾಕಿದಳು. ಬಗ್ಗಿದವಳಿಗೆ ಏಳಲಾಗಲಿಲ್ಲ. ನಾನು ಈ ಕಡೆಯಿಂದ, ಅವನು ಆ ಕಡೆಯಿಂದ ತೋಳು ಹಿಡಿದು ಎತ್ತಿದೆವು. ಅವಳ ಬೆನ್ನ ಹಿಂದೆ ಅವನ ಕೈ ನನ್ನ ಕೈಗೆ ತಗಲಿತು. ಬಿಸಿಯಾಗಿತ್ತು.

ಅವನು ಅವ್ವನನ್ನು ಕಂಬಕ್ಕೆ ಒರಗಿಸಿ ಕೂರಿಸಿದ, ಕಾಲು ಮುಟ್ಟಿ ನಮಸ್ಕಾರ ಮಾಡಿದ. "ರೈಲಿಗೆ ಹೊತ್ತಾತು" ಎಂದು ಹೋದ.

ನನ್ನ ಹೆಂಡತಿ ತಾಟುಗಳನ್ನು ಎತ್ತಲು ಬಂದಳು. "ನಿನ್ನ ಗಂಡಂದು ತೆಗಿ. ಅವಂದು ಇರ್ಲಿ" ಎಂದಳು ಅವ್ವ. ಸಂಜೆಯ ತನಕ ಅಲ್ಲೇ ಕೂತು ನೊಣ ಓಡಿಸಿದಳು. ತುಪ್ಪ ಇಂಗಿಹೋಗಿತ್ತು, ಹೋಳಿಗೆಯ ಅಂಚು ಒಣಗಿ ಮೇಲೆದ್ದಿತ್ತು.