ಹಾಡಿಗೂ ಜಗಳಕ್ಕೂ ನಡುವಿನ ಟೇಪು

ಟೇಪು ಅಂಗಡಿಯ ಯಜಮಾನನಿಗೆ ಸಾಕುಸಾಕಾಗಿತ್ತು. ದೊಡ್ಡ ಸುರುಳಿಗಳ ಹಳೇ ಟೇಪುಗಳನ್ನು ಕೊಯ್ದು ಅಂಟಿಸುವ ಕೆಲಸ ಊರಲ್ಲಿ ಇನ್ಯಾರಿಗೂ ಬಾರದು, ಹಾಗಾಗಿ ಇವನು ಬಿಡುವಂತಿಲ್ಲ. ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿತ್ತು, ಕಣ್ಣು ಮಂಜಾಗಿತ್ತು. ಸತ್ತವರ ದನಿ ಕೇಳಿ ಕೇಳಿ ನಿಮ್ಮ ಮುಖವೂ ಹಾಗೇ ಆಗಿದೆ ಎಂದು ಹೆಂಡತಿ ರೇಗಿಸುತ್ತಿದ್ದಳು. ಅದು ಶುದ್ಧ ಸುಳ್ಳು. ಅವನು ಯಾರ ದನಿಯನ್ನೂ ಕೇಳುತ್ತಿರಲಿಲ್ಲ. ಅಂಟಿಸಿದ ಜಾಗದ ಆಚೀಚೆ ಒಂದೆರಡು ಮಾತು ಓಡಿಸಿ ನೋಡುವನು, ಸರಿಯಿದ್ದರೆ ನಿಲ್ಲಿಸಿಬಿಡುವನು. ಮಂದಿಯ ಮನೆ ವಿಷಯಕ್ಕೆ ಮೂಗು ತೂರಿಸಿದರೆ ಆಯಾಸ ಎರಡಾಗುತ್ತದೆ ಎಂದು ಅವನ ಲೆಕ್ಕ.

ಆದರೆ ಟೀಚರಮ್ಮ ಬಿಡಬೇಕಲ್ಲ. ಶಾಲೆಯಿಂದ ನಿವೃತ್ತರಾಗಿದ್ದ ಅವರು ಮತ್ತೆ ಮತ್ತೆ ಅದೇ ಸುರುಳಿ ಹಿಡಿದು ಬರುತ್ತಿದ್ದರು. ಅದರಲ್ಲಿ ಅವರ ಅಣ್ಣನ ಹಾಡಿತ್ತು. ಅಣ್ಣ ಮನೆ ಬಿಟ್ಟು ಹೋಗಿ ಎಲ್ಲೋ ದೂರದಲ್ಲಿ ತೀರಿಕೊಂಡಿದ್ದ. ಅವನ ದನಿ ಅಂತ ಉಳಿದದ್ದು ಇದೊಂದೇ. ಟೇಪು ಪ್ರತಿಸಲವೂ ಹಾಡು ಮುಗಿಯುವಲ್ಲೇ ತುಂಡಾಗುತ್ತಿತ್ತು, ತುದಿ ಎಳೆದು ಸುರುಟಿಕೊಂಡಿರುತ್ತಿತ್ತು. ಸುರುಟಿದ್ದನ್ನು ಕತ್ತರಿಸಿ ಎಸೆಯದೆ ಗತಿಯಿಲ್ಲ. ಹೀಗೆ ಪ್ರತಿ ರಿಪೇರಿಗೂ ಹಾಡು ಒಂದಿಷ್ಟು ಸವೆಯುತ್ತಿತ್ತು. ಕೊನೆಯ ಸಾಲು ಆಗಲೇ ಹೋಗಿಯಾಗಿತ್ತು.

"ಮೆಷಿನ್ನು ಹೀಗೆ ಎಳೆಯಲ್ಲ ಟೀಚರಮ್ಮ. ನೀವೇ ಕೈಯಲ್ಲಿ ಹಿಡಿದು ನಿಲ್ಲಿಸ್ತಿದ್ದೀರ," ಎಂದ ಒಂದು ದಿನ, ಬೇಸತ್ತು.

ಅವರು ಒಪ್ಪಿಕೊಂಡರು. ಹಾಡು ರೆಕಾರ್ಡು ಮಾಡಿದ ದಿನ, ಅದು ಮುಗಿದ ಮೇಲೂ ಯಾರೂ ಮೆಷಿನ್ನು ನಿಲ್ಲಿಸಿರಲಿಲ್ಲವಂತೆ. ಅದರ ಬೆನ್ನಿಗೇ ಅಣ್ಣ ತಂಗಿಯರ ಜಗಳ ಶುರುವಾಗಿತ್ತು, ಅಣ್ಣ ಮನೆ ಬಿಟ್ಟದ್ದು ಅದೇ ಜಗಳದಲ್ಲಿ. ಅದೂ ಟೇಪಿನಲ್ಲಿದೆ. ಮೊದಲ ಮಾತು ಕಿವಿಗೆ ಬಿದ್ದರೆ ಸಾಕು, ಅವರಿಗೆ ಎದೆ ಹಿಡಿದಂತಾಗುತ್ತಿತ್ತು. ಸ್ವಿಚ್ಚು ಹುಡುಕುವಷ್ಟು ವ್ಯವಧಾನವಿಲ್ಲದೆ ಸುರುಳಿಗೇ ಕೈ ಹಾಕುತ್ತಿದ್ದರು. ಹಾಗಾದರೆ ಜಗಳವನ್ನೇ ಕತ್ತರಿಸಿಬಿಡೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. ಬೈಗುಳವಾದರೂ ಅಣ್ಣನ ದನಿಯಲ್ಲವೇ.

ಯಜಮಾನನಿಗೆ ತಲೆ ಚಿಟ್ಟು ಹಿಡಿಯಿತು. ಈ ಉಸಾಬರಿಯೇ ಬೇಡ ಎಂದು ಸುರುಳಿ ವಾಪಸು ಕೊಡಹೋದವನು, ಯಾಕೋ ಮನಸ್ಸು ಬಾರದೆ ಕುರ್ಚಿ ಎಳೆದುಕೊಂಡು ಕೂತ. ತುಂಡಾದ ಎರಡೂ ತುದಿಗಳನ್ನು ಅಲ್ಯೂಮಿನಿಯಂ ಅಚ್ಚಿನ ತೋಡಿನಲ್ಲಿ ಕೂರಿಸಿ ಬ್ಲೇಡಿನಿಂದ ಓರೆಯಾಗಿ ಕೊಯ್ದ. ಈ ಸಲ ಅವುಗಳನ್ನು ಒಂದಕ್ಕೊಂದು ಸೇರಿಸಲಿಲ್ಲ. ದನಿಯೇ ಇಲ್ಲದ ಬಿಳಿ ಟೇಪನ್ನು ಮೂರ್ನಾಲ್ಕು ಮಾರು ನಡುವೆ ಹಾಕಿ, ಎರಡು ಕಡೆಯೂ ಅಂಟುಪಟ್ಟಿ ಹಚ್ಚಿ ಉಗುರಿನಿಂದ ತಿಕ್ಕಿದ.

ಬಿಳಿ ಟೇಪು ಬಂದಾಗ ನಿಧಾನವಾಗಿ ಎದ್ದು ಸ್ವಿಚ್ಚು ಆರಿಸಿ, ಅವಸರವೇನಿಲ್ಲ ಎಂದು ಹೇಳಿ ಕಳಿಸಿದ. ಸದ್ಯ, ಈಯಮ್ಮನ ಕಾಟ ತಪ್ಪಿತು ಅಂದುಕೊಂಡ. ಹಾಡು ಉಳಿಯಿತಲ್ಲ ಎಂಬ ಸಮಾಧಾನವೂ ಇತ್ತು, ಹೆಂಡತಿಯ ಮುಂದೆ ಮಾತ್ರ ಹೇಳಿಕೊಳ್ಳಲಿಲ್ಲ.

ಕೆಲವು ವಾರಗಳ ಮೇಲೆ ಟೀಚರಮ್ಮ ಬರಿಗೈಯಲ್ಲಿ ಬಂದರು. ಕಣ್ಣು ಊದಿತ್ತು. ಟೇಪೇನೋ ತುಂಡಾಗಿಲ್ಲವಂತೆ. ಆದರೆ ನಿನ್ನೆ ಬಿಳಿ ಟೇಪು ಓಡುವಾಗ ಅವರಿಗೆ ಏಳಲು ಮೈಯಲ್ಲಿ ಕಸುವಿರಲಿಲ್ಲ. ಇನ್ನೂ ಹೊತ್ತಿದೆ, ಈಗ ಏಳೋಣ, ಆಗ ಏಳೋಣ ಅನ್ನುವಷ್ಟರಲ್ಲಿ ಜಗಳ ಶುರುವಾಗಿಬಿಟ್ಟಿತು. ಪೂರ್ತಿ ಕೇಳಿದ್ದರು.

"ಅವನು ಕೂಗಾಡಿ, ಬಾಗಿಲು ಬಡಿದು ಹೋದ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಅಮ್ಮ ಅದನ್ನೇ ನಂಬಿ ಸಾಯೋವರೆಗೂ ಅವನನ್ನ ಮನೆಗೆ ಕರೀಲಿಲ್ಲ," ಎಂದರು. "ಅವನು ದನಿ ಎತ್ತೇ ಇಲ್ಲ. ಕೂಗಾಡಿದ್ದೆಲ್ಲ ನಾನು. ಹೋಗ್ತಾ, ಚಳಿ ಇದೆ, ಬಾಗಿಲು ಹಾಕ್ಕೋ ಅಂದ. ಬಡಿದಿದ್ದೂ ನಾನೇ."

ಯಜಮಾನ ತನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು ಗೋಡೆಗೊರಗಿ ನಿಂತ.