ಉಂಡೆ ಅತ್ತೆಯ ನಾಲ್ಕು ದಿನ

ನಮ್ಮ ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ, ಒಲೆಯ ಗ್ಯಾರಂಟಿ ಕಾರ್ಡು, ಮುಗಿದ ಬ್ಯಾಟರಿಗಳು, ಯಾವ ಬೀಗಕ್ಕೂ ಹೊಂದದ ಬೀಗದಕೈಗಳ ಅಡಿಯಲ್ಲಿ ಒಂದು ಉಕ್ಕಿನ ಕಡ್ಡಿ ಇದೆ. ಗೇಣಿಗಿಂತ ಸ್ವಲ್ಪ ಚಿಕ್ಕದು, ಎರಡೂ ತುದಿ ಚೂಪು. ಅದು ಅಲ್ಲಿದೆ ಎನ್ನುವುದು ನನಗೊಬ್ಬಳಿಗೇ ಗೊತ್ತು. ಗಂಡ ಟೇಪು ಹುಡುಕಲು ಆ ಡ್ರಾಯರ್ ಎಳೆದಾಗಲೆಲ್ಲ ನಾನೇ ಓಡಿಬಂದು ತೆಗೆದುಕೊಡುತ್ತೇನೆ. ಮಗು ಅದರ ಹಿಡಿಗೆ ಕೈ ಹಾಕಿದರೆ ಎತ್ತಿಕೊಂಡು ಹೊರನಡೆಯುತ್ತೇನೆ. ಬೇರೆ ಕಡೆ ಇಡೋಣವೆಂದರೆ ಇಡುವಾಗ ಯಾರಾದರೂ ನೋಡಿಬಿಟ್ಟರೆ ಎಂಬ ಭಯ. ಎಸೆದುಬಿಡೋಣವೆಂದರೆ ಕಸದವಳು ಅದನ್ನೇ ಹಿಡಿದುಕೊಂಡು ಬಂದು, "ಅಕ್ಕಾ, ಇದು ನಿಮ್ಮದಾ?" ಎಂದು ಬಾಗಿಲು ತಟ್ಟುವುದು ಕಣ್ಣಿಗೆ ಕಟ್ಟುತ್ತದೆ. ಇಪ್ಪತ್ತೊಂದು ದಿನದಿಂದ ಇದೇ ಆಗಿದೆ.

ಆ ಕಡ್ಡಿ ನಮ್ಮ ಉಂಡೆ ಅತ್ತೆಯದು.

ಅತ್ತೆಯೆಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿಲ್ಲ. ವಯಸ್ಸು ಅರವತ್ತೆರಡು. ಯಾವಾಗ ನೋಡಿದರೂ ತೊಡೆಯ ಮೇಲೊಂದು ಉಲ್ಲನ್ನಿನ ಉಂಡೆ ಇರುತ್ತಿದ್ದುದರಿಂದ ಆ ಹೆಸರು. ಇಟ್ಟವರು ನನ್ನ ಅಪ್ಪ. ಅತ್ತೆ ಗಿಡ್ಡವಾಗಿ, ದುಂಡಗೆ ಇರುವುದರಿಂದ ಹೆಸರು ಇನ್ನಷ್ಟು ಒಪ್ಪುತ್ತದೆ ಎಂದು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು, ಅವರ ಎದುರಿಗೇ. ಅತ್ತೆ ಕಣ್ಣೆತ್ತದೆ ಸಾಲು ಮುಗಿಸುತ್ತಿದ್ದರು.

ಮೂವತ್ತೆಂಟು ವರ್ಷದಿಂದ ಅವರು ಒಂದು ಸ್ವೆಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸಕ್ಕಿದ್ದಾರೆ. ಮೈ ಮತ್ತು ತೋಳು ಯಂತ್ರದಲ್ಲೇ ಆಗಿ ಬರುತ್ತವೆ. ಕುತ್ತಿಗೆಯ ಪಟ್ಟಿ ಹೆಣೆಯುವುದು, ತೋಳು ಸೇರಿಸುವುದು, ಎಲ್ಲೋ ಜಾರಿಹೋದ ಒಂದು ಕುಣಿಕೆಯನ್ನು ಕೊಕ್ಕೆ ಹಾಕಿ ಸಾಲುಸಾಲಾಗಿ ಮೇಲಕ್ಕೆ ಹತ್ತಿಸುವುದು ಕೈಕೆಲಸ, ಅದು ಅತ್ತೆಯದು. ಎತ್ತರದಲ್ಲೊಂದು ಕಿಟಕಿ, ಒಂದು ಟ್ಯೂಬ್‌ಲೈಟು. ಗಾಳಿಯಲ್ಲಿ ಉಲ್ಲನ್ನಿನ ನಯವಾದ ಜುಂಗು ತೇಲುತ್ತಲೇ ಇರುತ್ತದೆ. ವರ್ಷವಿಡೀ ಶಾಲೆಗಳ ಬಣ್ಣ, ಮರೂನು ಇಲ್ಲವೆ ಕಡುನೀಲಿ. ಅತ್ತೆ ಸೀನಿದರೂ ಕರವಸ್ತ್ರದಲ್ಲಿ ಆ ವಾರದ ಶಾಲೆ ಯಾವುದೆಂದು ಗೊತ್ತಾಗುತ್ತದೆ ಎಂದು ನನ್ನ ಅಮ್ಮ ನಗುತ್ತಿದ್ದರು.

ಹೀಗೆ ಬದುಕುವವರಿಗೆ ವಿಹಾರ ಏಕೆ ಬೇಕು ಎನ್ನುವುದು ನಮ್ಮ ಮನೆಯವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅತ್ತೆಗೆ ಬೇಕಿತ್ತು. ರಜೆಯ ದಿನ ಬೆಳಿಗ್ಗೆ ಸಿಟಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಕಂಡಕ್ಟರು ಕೇಳುತ್ತಿದ್ದ, "ಇಳಿಯಲ್ವಾ ಅಮ್ಮ?"

"ಇಳಿದು ಏನು ಮಾಡ್ಲಿ ಮಾರಾಯ, ನೋಡೋದೆಲ್ಲ ದಾರೀಲೇ ಇತ್ತು."

ವಾರದ ಸಂಜೆಗಳಿಗೆ ಅವರು ಕಂಡುಕೊಂಡ ಜಾಗ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಕಡೆಯವರು ಕಾಯುವ ಹಾಲು. ಸಾಲು ಕುರ್ಚಿ, ಫ್ಯಾನು, ಕುಡಿಯುವ ನೀರು. ಸುಮ್ಮನೆ ಕೂತವರನ್ನು ಅಲ್ಲಿ ಯಾರೂ ಎಬ್ಬಿಸುವುದಿಲ್ಲ. ಪಕ್ಕದವರು ಮಾತ್ರ ಕೇಳುತ್ತಾರೆ, "ನಿಮ್ಮವರು ಯಾರು ಒಳಗೆ?" ಆ ವಾರ ತನ್ನ ಮನಸ್ಸು ನೋಯಿಸಿದವರು ಯಾರೋ ಅವರನ್ನು ಅತ್ತೆ ಒಳಗೆ ಮಲಗಿಸುತ್ತಿದ್ದರು. ನನ್ನ ಅಪ್ಪನಿಗೆ ಮೂತ್ರಪಿಂಡದಲ್ಲಿ ಕಲ್ಲು. ಅಮ್ಮನಿಗೆ ಸೊಂಟದ ಮೂಳೆ. ಅಂಗಡಿಯ ಮಾಲೀಕರಿಗೆ ಒಮ್ಮೆ ಎರಡೂ ಕಣ್ಣು. ಇದನ್ನು ನನಗೆ ಹೇಳಿದ್ದು ಅತ್ತೆಯೇ, ನನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಾ.

"ಎಷ್ಟು ಸಮಾಧಾನ ಮಾಡ್ತಾರೆ ಗೊತ್ತಾ ಜನ. ನಿಮ್ಮಪ್ಪನಿಗೋಸ್ಕರ ಒಬ್ಬಳು ಕಣ್ಣೀರೇ ಹಾಕಿದ್ಲು."

"ತಪ್ಪಲ್ವಾ ಅತ್ತೆ, ಹಾಗೆ ಹೇಳೋದು?"

"ಎದ್ದು ಬರೋವಾಗ ಡಿಸ್ಚಾರ್ಜ್ ಮಾಡಿಸಿಯೇ ಬರ್ತೀನಿ."

"ನಾನು ಒಳಗಿದ್ದೀನಾ ಯಾವತ್ತಾದ್ರೂ?"

"ನೀನಾ? ಇನ್ನೂ ಇಲ್ಲ."

ಇವೆಲ್ಲ ಚಿಲ್ಲರೆ. ನಿಜವಾದ ವಿಹಾರ ವರ್ಷಕ್ಕೆ ಒಂದೇ. ಶಾಲೆಗಳ ಸ್ವೆಟರು ಕಳಿಸಿ ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ ಎಣ್ಣೆ ಹಾಕಲು ಅಂಗಡಿ ನಾಲ್ಕು ದಿನ ಮುಚ್ಚುತ್ತಿತ್ತು. ಆ ನಾಲ್ಕು ದಿನ ಅತ್ತೆ ಐದು ಗಂಟೆಯ ಬಸ್ ದಾರಿಯಾಚೆ ಒಂದು ಸರೋವರದ ದಂಡೆಗೆ ಹೋಗುತ್ತಿದ್ದರು. ಅಲ್ಲೊಂದು ಹಳೆಯ ವಸತಿಗೃಹ. ಮಹಡಿಯ ಮೂಲೆಯ ಕೋಣೆ, ನೀರಿನ ಕಡೆಗೆ ಕಿಟಕಿ, ಕಿಟಕಿಗೆ ಒಂದು ಬೆತ್ತದ ಕುರ್ಚಿ. ಇಪ್ಪತ್ತೆರಡು ವರ್ಷ ಅದೇ ಕೋಣೆ. ಜೊತೆಗೆ ಬೂದು ಬಣ್ಣದ ಉಲ್ಲನ್ನು, ಐದು ಗಿಡ್ಡ ಕಡ್ಡಿ. ಅವರು ಕಾಲುಚೀಲ ಹೆಣೆಯುವ ರೀತಿಗೆ ಐದೂ ಬೇಕು. ನಾಲ್ಕು ಕಡ್ಡಿಗಳ ಮೇಲೆ ಕುಣಿಕೆಗಳು ಚೌಕವಾಗಿ ಕೂರುತ್ತವೆ, ಐದನೆಯದು ಸುತ್ತು ಹಾಕುತ್ತಾ ಹೆಣೆಯುತ್ತದೆ. ಹೋಗುವ ಬಸ್ಸಿನಲ್ಲಿ ಮೊದಲನೆಯದು ಶುರುವಾಗಬೇಕು, ಬರುವ ಬಸ್ಸಿನಲ್ಲಿ ಎರಡನೆಯದರ ಬೆರಳ ತುದಿ ಮುಚ್ಚಬೇಕು.

"ಇಲ್ಲಿ ಕೂತು ಹೆಣೆಯೋದನ್ನ ಅಲ್ಲಿ ಹೋಗಿ ಕೂತು ಹೆಣೀತಾಳೆ. ಬಸ್ಸಿನವರ ಪುಣ್ಯ," ಎನ್ನುತ್ತಿದ್ದರು ಅಪ್ಪ.

"ಇಲ್ಲಿ ಬೇರೆಯವರ ಕಾಲಿಗೆ, ಬೇರೆಯವರ ಮೈಗೆ," ಎಂದಿದ್ದರು ಅತ್ತೆ ಒಮ್ಮೆ. ಅಷ್ಟೇ.

ನಿಜ, ನಮ್ಮ ಮನೆತನದಲ್ಲಿ ಅತ್ತೆಯ ಸ್ವೆಟರ್ ತೊಡದೆ ಬೆಳೆದ ಮಗುವಿಲ್ಲ. ಆದರೆ ಆ ಬೂದು ಕಾಲುಚೀಲಗಳನ್ನು ಅವರು ಯಾರಿಗೂ ಕೊಟ್ಟಿಲ್ಲ, ತಾವೂ ಹಾಕಿಕೊಂಡಿಲ್ಲ. ದೊಡ್ಡದೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ಮಡಿಸಿ ಇಟ್ಟಿದ್ದಾರೆ. ಇಪ್ಪತ್ತೊಂದು ಜೊತೆ, ಒಂದು ಒಂಟಿ.

ಆ ಒಂಟಿಯ ಜೋಡಿಯನ್ನು ಕೊಂದವಳು ನಾನು. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ಅಮ್ಮ ಯಾವುದೋ ಮದುವೆಗೆ ಹೋಗುವುದಿತ್ತು. "ಹೇಗೂ ಹೋಗ್ತಾ ಇದ್ದೀಯಲ್ಲ, ಇವಳನ್ನೂ ಕರ್ಕೊಂಡು ಹೋಗು," ಎಂದು ನನ್ನನ್ನು ಬಸ್ಸಿಗೆ ಹತ್ತಿಸಿದರು. ಮೂರನೆಯ ದಿನ ನನಗೆ ಬೇಸರ ಬಂತು. ಅತ್ತೆ ಸ್ನಾನಕ್ಕೆ ಹೋದಾಗ ಎರಡನೆಯ ಕಾಲುಚೀಲದಿಂದ ಕಡ್ಡಿಗಳನ್ನು ಕಿತ್ತು, ನೂಲಿನ ತುದಿ ಹಿಡಿದು ಕಾರಿಡಾರಿನಲ್ಲಿ ಓಡಿದೆ. ಬಿಚ್ಚಿಕೊಳ್ಳುವುದು ನೋಡಲು ಚೆನ್ನಾಗಿತ್ತು. ಅವರು ಹೊರಗೆ ಬಂದು ನೋಡಿದರು, ಬಯ್ಯಲಿಲ್ಲ. ಬಯ್ಯದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಮನೆಯಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಿದೆ, "ನಿಮಗೆ ಮಕ್ಕಳಿಲ್ಲ ಅಂತ ತಾನೇ ನೀವು ಇಲ್ಲಿಗೆಲ್ಲ ಬರೋದು?"

"ಅಲ್ಲ ಪುಟ್ಟಿ. ಇಲ್ಲಿ ಮಕ್ಕಳಿರಲ್ಲ ಅಂತ ಬರೋದು," ಎಂದರು ಅತ್ತೆ, ನೂಲನ್ನು ಮತ್ತೆ ಉಂಡೆ ಸುತ್ತುತ್ತಾ.

ನನಗೆ ಮಗುವಾದ ಮೇಲೆ ಅವರು ಕೆಲಸ ಮುಗಿಸಿ ದಿನವೂ, ರಜೆಯಿದ್ದರೆ ಬೆಳಿಗ್ಗೆಯೇ, ನಮ್ಮಲ್ಲಿಗೆ ಬರತೊಡಗಿದರು. ಎರಡು ಗಂಟೆ ಮಗುವನ್ನು ನೋಡಿಕೊಳ್ಳುತ್ತಿದ್ದರು. ನಾನು ಆ ಹೊತ್ತಿನಲ್ಲಿ ಮಲಗಬೇಕು, ಮಲಗುತ್ತಿರಲಿಲ್ಲ. ಮಗು ಉಸಿರಾಡುತ್ತಿದೆಯೇ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಸ್ಪತ್ರೆಯ ಹಾಲಿನಲ್ಲಿ ಕೂರುವುದು ತಪ್ಪಿತು, ಸಿಟಿ ಬಸ್ಸೂ ತಪ್ಪಿತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ವರ್ಷ ವಸತಿಗೃಹದವರು ಫೋನು ಮಾಡಿ ಹೇಳಿದ್ದರು, ತಿಂಗಳ ಕೊನೆಗೆ ಕಟ್ಟಡ ಕೆಡವುತ್ತಾರೆ, ಇದೇ ಕೊನೆಯ ಸಲ, ಮೂಲೆಯ ಕೋಣೆ ನಿಮಗೇ ಇಟ್ಟಿದ್ದೇವೆ ಎಂದು. ಅತ್ತೆ ಅದನ್ನು ನನಗೆ ಮೂರು ಬಾರಿ ಹೇಳಿದರು. ಅವರು ಯಾವ ಮಾತನ್ನೂ ಎರಡು ಸಲ ಹೇಳಿದವರಲ್ಲ.

ಬಸ್ ನಿಲ್ದಾಣ ನಮಗೆ ಹತ್ತಿರ. ಹಿಂದಿನ ಸಂಜೆಯೇ ಚೀಲದೊಂದಿಗೆ ಬಂದು, ಹಾಲಿನ ನೆಲದ ಮೇಲೆ ಟವೆಲ್ ಹಾಸಿ ಉಲ್ಲನ್ನು, ಕಡ್ಡಿ ಜೋಡಿಸುತ್ತಾ ಕೂತರು.

"ನಾಲ್ಕೇ ಇದಾವಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

"ಏನು ನಾಲ್ಕು?" ಎಂದೆ ನಾನು ಅಡುಗೆಮನೆಯಿಂದ.

"ಕಡ್ಡಿ. ಇನ್ನೊಂದು ಇಲ್ಲೇ ಎಲ್ಲೋ ಇರುತ್ತೆ."

ಇಲ್ಲೇ ಎಲ್ಲೋ. ಹತ್ತು ತಿಂಗಳ ಮಗು ತೆವಳುವ ಮನೆಯಲ್ಲಿ ಹೇಳಬಾರದ ಮಾತು ಅದು. ಮಗು ಬೆಳಗಿನಿಂದ ಏನೂ ತಿಂದಿರಲಿಲ್ಲ, ಕಿರಿಕಿರಿ ಮಾಡುತ್ತಿತ್ತು. ಹಲ್ಲು ಬರುತ್ತಿದೆ ಎಂದುಕೊಂಡಿದ್ದೆ. ಈಗ ಕಾರಣ ಸಿಕ್ಕಿತು. ಕಡ್ಡಿ ನುಂಗಿಬಿಟ್ಟಿದೆ ಎಂದು ಕಿರುಚಿದೆ.

"ಇಷ್ಟುದ್ದದ್ದು ಹೇಗೆ ನುಂಗುತ್ತೆ ಕಣೇ," ಎಂದರು ಗಂಡ.

"ಮುರ್ಕೊಂಡು ನುಂಗಿದ್ರೆ?"

"ಉಕ್ಕು ಅದು."

"ನಿಮಗೇನು ರೀ, ಬೆಳಗಾದ್ರೆ ಆಫೀಸಿಗೆ ಹೋಗ್ತೀರಿ."

ಅತ್ತೆ ಮೆಲ್ಲಗೆ ಹೇಳಿದರು, "ಮೊನ್ನೆ ನೀನು ಪಾಪು ಪೈಜಾಮಕ್ಕೆ ಲಾಡಿ ತೂರಿಸ್ತಾ ಇದ್ದೆಯಲ್ಲ, ಆಗೇನಾದ್ರೂ ನನ್ನ ಚೀಲದಿಂದ..."

"ಅದು ಪಿನ್ನಿನಲ್ಲಿ. ಕಳ್ಕೊಂಡಿದ್ದು ನೀವು, ಈಗ ನನ್ನ ತಲೆಗೆ ಕಟ್ತೀರಾ?"

ಬೆಳಿಗ್ಗೆ ಆರಕ್ಕೆ ಅವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏಳಕ್ಕೆ ಬಸ್ಸು. ಎಕ್ಸ್‌ರೇ ತೆಗೆಸಿ ನನಗೊಂದು ಫೋನ್ ಮಾಡು. ಏನಾದ್ರೂ ಇದ್ರೆ ಮುಂದಿನ ಬಸ್ಸಿಗೇ ತಿರುಗಿ ಬರ್ತೀನಿ."

"ಹೋಗಿ ಅತ್ತೆ," ಎಂದೆ. "ಹೆತ್ತಿದ್ರೆ ತಾನೇ ಗೊತ್ತಾಗೋದು."

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು. ಅದನ್ನು ಬಿಚ್ಚಿ, ಗೋಡೆಗೆ ಒತ್ತಿ ಇಟ್ಟು, ಒಳಗೆ ಬಂದರು.

ಮಧ್ಯಾಹ್ನ ಎಕ್ಸ್‌ರೇ ಬಂತು. ಮಗುವಿನ ಹೊಟ್ಟೆಯಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರು ನಗು ತಡೆದುಕೊಂಡು ಹಲ್ಲಿಗೆ ಹಚ್ಚುವ ಮುಲಾಮು ಬರೆದುಕೊಟ್ಟರು. ಮರುದಿನದ ಬಸ್ಸಿಗೆ ಹೋಗಿದ್ದರೂ ಅತ್ತೆಗೆ ಮೂರು ದಿನ ಸಿಗುತ್ತಿತ್ತು. ಆದರೆ ಕಡ್ಡಿ ನೆಲದಲ್ಲೇ ಎಲ್ಲೋ ಇದೆಯಲ್ಲ, ಇವತ್ತಲ್ಲ ನಾಳೆ ಕಣ್ಣಿಗೆ ಚುಚ್ಚಿಕೊಂಡರೆ ಎಂದು ನಾನು ಅಳತೊಡಗಿದೆ. ನಾಲ್ಕು ದಿನ ಅತ್ತೆ ಮೊಣಕಾಲೂರಿ, ಮಂಚದಡಿ, ಸೋಫಾದ ಸಂದಿ, ಫ್ರಿಜ್ಜಿನ ಹಿಂದೆಲ್ಲ ಹುಡುಕಿದರು. ಸಿಕ್ಕಿದ್ದು ಎರಡು ಪೆನ್ನಿನ ಮುಚ್ಚಳ, ಒಂದು ಗುಂಡಿ, ನನ್ನ ಕಳೆದುಹೋದ ಕಿವಿಯೋಲೆ. ಓಲೆಯನ್ನು ತೊಳೆದು ಕೊಟ್ಟರು. ಅಪ್ಪ ಫೋನಿನಲ್ಲಿ, "ಈ ವಯಸ್ಸಿಗೆ ಟೂರು ಬೇರೆ ಕೇಡು," ಎಂದದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಐದನೆಯ ದಿನ ಅವರು ಹೊರಡುವಾಗ ನಾನು ಹೇಳಿದೆ, "ಇನ್ಮೇಲೆ ಆ ಚೀಲ ಹೊರಗಿಟ್ಟು ಬನ್ನಿ ಅತ್ತೆ."

"ಆಯ್ತು," ಎಂದರು. ಮತ್ತೆ ಬರಲೇ ಇಲ್ಲ.

ಎರಡು ದಿನದ ನಂತರ ಮಗುವಿನ ಬಟ್ಟೆ ಜೋಡಿಸುವಾಗ ಒಂದು ಪೈಜಾಮ ಮಡಚಲು ಬಗ್ಗಲಿಲ್ಲ. ಸೊಂಟದ ಪಟ್ಟಿಯೊಳಗೆ, ತುದಿಗೆ ಲಾಡಿ ಕಟ್ಟಿಸಿಕೊಂಡು, ಅರ್ಧ ದಾರಿಯಲ್ಲಿ ಕಡ್ಡಿ ಮಲಗಿತ್ತು. ಎಲ್ಲ ನೆನಪಾಯಿತು. ಪಿನ್ನು ಸಿಗದೆ, ಬಾಗಿಲಿಗೆ ನೇತುಹಾಕಿದ್ದ ಅತ್ತೆಯ ಚೀಲದಿಂದ ಒಂದನ್ನು ಎಳೆದುಕೊಂಡಿದ್ದೆ. ಅಷ್ಟರಲ್ಲಿ ಮಗು ಅತ್ತಿತ್ತು. ಪೈಜಾಮವನ್ನು ಕಪಾಟಿನ ಹಿಂದಕ್ಕೆ ತಳ್ಳಿದ್ದೆ.

ಆಗ ನನಗೆ ಮೊದಲು ಬಂದ ಯೋಚನೆ ಅತ್ತೆಯದಲ್ಲ. ಗಂಡ ಎಷ್ಟು ಹೊತ್ತಿಗೆ ಬರುತ್ತಾರೆ ಎನ್ನುವುದು. ಬಂದವರೇ "ಸಿಕ್ತಾ?" ಎಂದು ಅವರು ಕೇಳಿದರು. "ಇಲ್ಲ," ಎಂದೆ. ಆ ದಿನಕ್ಕೆ ವಸತಿಗೃಹ ಇನ್ನೂ ನಿಂತಿತ್ತು, ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು. ಅಂಗಡಿಯವರ ಕಾಲು ಹಿಡಿದಾದರೂ ಎರಡು ದಿನ ರಜೆ ಕೇಳಬಹುದಿತ್ತು. ನಾನು ಡ್ರಾಯರ್ ಮುಚ್ಚಿದೆ.

ಇವತ್ತು ಮಗು ಮಲಗಿರುವಾಗ ಫೋನು ಎತ್ತಿಕೊಂಡೆ. ಪಶ್ಚಾತ್ತಾಪದಿಂದ ಎಂದು ಬರೆಯಲು ಆಸೆ. ಮಗುವಿಗೆಂದು ಹಾಕಿದ್ದ ನನ್ನ ರಜೆ ಸೋಮವಾರ ಮುಗಿಯುತ್ತದೆ, ಕೆಲಸಕ್ಕೆ ಹೋಗಬೇಕು. ಅತ್ತೆ ಅಂಗಡಿ ಬಿಟ್ಟು ದಿನವಿಡೀ ಮಗುವನ್ನು ನೋಡಿಕೊಳ್ಳುತ್ತಾರೆ, ಅವರಿಗೂ ಆರಾಮ ಎಂದು ನಾವೆಲ್ಲ ಅವರ ಪರವಾಗಿ ಎಂದೋ ತೀರ್ಮಾನಿಸಿದ್ದೆವು. ಅವರಿಗೆ ಹೇಳುವುದಷ್ಟೇ ಉಳಿದಿತ್ತು.

ಎಂಟನೆಯ ರಿಂಗಿಗೆ ಎತ್ತಿದರು. ಹಿಂದೆ ಯಂತ್ರಗಳ ಸದ್ದು.

"ಅತ್ತೆ, ಕಡ್ಡಿ ಸಿಕ್ತು."

"ಪೈಜಾಮದಲ್ಲಿ ತಾನೇ?"

"ಹೂಂ."

"ಯಾವಾಗ?"

ಇವತ್ತು ಎನ್ನಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. "ಇಪ್ಪತ್ತೊಂದು ದಿನ ಆಯ್ತು," ಎಂದೆ.

ಅತ್ತೆ ಆ ದಿನದಿಂದ ತಿಂಗಳ ಕೊನೆಯವರೆಗೆ ಲೆಕ್ಕ ಹಾಕಿದರು. ಕುಣಿಕೆ ಎಣಿಸುವಾಗ ಮಾಡುವಂತೆ ತುಟಿಯೊಳಗೇ ಅಂಕಿ ಹೇಳಿಕೊಳ್ಳುವುದು ಕೇಳಿಸಿತು. ಒಂಬತ್ತಕ್ಕೆ ನಿಂತಿತು.

"ಕೆಲಸಕ್ಕೆ ಯಾವತ್ತಿಂದ ನೀನು?"

"ಸೋಮವಾರ."

"ಅದಕ್ಕೇ ಈ ಫೋನು ಅಂದ್ಕೊಂಡೆ. ಸೋಮವಾರ ನನಗಾಗಲ್ಲ. ಇನ್ನು ಯಾವ ವಾರಾನೂ ಆಗಲ್ಲ. ಆಸ್ಪತ್ರೆ ಹಾಲಿಗೆ ಹೋಗದೆ ಬಹಳ ದಿನ ಆಗಿತ್ತು, ಈಗ ಮತ್ತೆ ಶುರು ಮಾಡ್ಕೊಂಡಿದೀನಿ."

"ಕಡ್ಡಿ ತಂದುಕೊಡ್ಲಾ?"

"ಬೇಡ, ನೀನೇ ಇಟ್ಕೋ. ಲಾಡಿ ತೂರಿಸೋಕೆ ಬರುತ್ತೆ."

"ಅತ್ತೆ, ಆಸ್ಪತ್ರೇಲಿ ಯಾರು ಒಳಗೆ ಅಂತ ಕೇಳಿದ್ರೆ..."

"ನಿನ್ನೇನೇ ಮಲಗ್ಸಿದೀನಿ. ತಮ್ಮನ ಮಗಳು, ಕಡ್ಡಿ ನುಂಗಿದ್ದಾಳೆ ಅಂದೆ. ಎಲ್ಲ ಅಯ್ಯೋ ಪಾಪ ಅಂದ್ರು."

"ಆಮೇಲೆ ಡಿಸ್ಚಾರ್ಜ್ ಮಾಡಿಸಿದ್ರಾ?"

ಅತ್ತೆ ಅಲ್ಲಿ ಯಾರಿಗೋ ಮರೂನು ನೂಲು ಕೊಡುವಂತೆ ಹೇಳಿದರು.

"ಇಲ್ಲ," ಎಂದರು ಅತ್ತೆ. ಫೋನು ಇಟ್ಟರು.