ಈರಣ್ಣನ ರಾಣಿ ಏನಂದಳು

ಈರಣ್ಣ ಕೂತದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ. ಚಹಾ ನಿಂತೇ ಕುಡಿಯುತ್ತಿದ್ದ, ರೊಟ್ಟಿ ಅಡ್ಡಾಡುತ್ತಲೇ ತಿನ್ನುತ್ತಿದ್ದ. ತನ್ನ ಮದುವೆಯಲ್ಲೂ ಅಕ್ಷತೆ ಬೀಳುವ ಮೊದಲೇ ಎದ್ದು, ಫೋಟೋದವನಿಗೆ "ಬೆಳಕು ಆ ಕಡಿ ಐತಿ, ಇತ್ತಾಗ ಯಾಕ ನಿಂತಿ?" ಎಂದು ಗದರಿದ್ದನಂತೆ.

ಬೆಳಗಾವಿಯಲ್ಲಿ ನಮ್ಮ ಎದುರು ಮನೆಯವನು, ನನಗಿಂತ ಎರಡು ವರ್ಷ ಸಣ್ಣವನು. ಫೌಂಡ್ರಿಯಲ್ಲಿ ಎರಕಕ್ಕೆ ಬೇಕಾದ ಕಟ್ಟಿಗೆಯ ಅಚ್ಚು ಮಾಡುವ ಕೆಲಸ. ಎಪ್ಪತ್ತರ ದಶಕದ ಕೊನೆಗೆ ಎಲ್ಲಿಂದಲೋ ಒಂದು ಹಳೆಯ ಸಿನಿಮಾ ಕ್ಯಾಮೆರಾ ತಂದ. ಗಡಿಯಾರದ ಹಾಗೆ ಕೀಲಿ ಕೊಡಬೇಕು. ಚಿತ್ರ ಹಿಡಿಯುತ್ತಿತ್ತು, ದನಿ ಹಿಡಿಯುತ್ತಿರಲಿಲ್ಲ. ಅದರಲ್ಲೇ ಮೂರು ಭಾಗದ ಸಿನಿಮಾ ಮಾಡಲು ಹೊರಟ. ಒಬ್ಬ ರಾಕ್ಷಸ ರಾಜ್ಯದ ಗಾಳಿಯನ್ನೆಲ್ಲ ಕದ್ದು ಕಾಡಿನ ಗುಹೆಯಲ್ಲಿ ಕೂಡಿಹಾಕುತ್ತಾನೆ. ತೂರಲು ಗಾಳಿಯಿಲ್ಲದೆ ಕಣದಲ್ಲಿ ಜೋಳ ಹೊಟ್ಟಿನ ಸಮೇತ ಬಿದ್ದಿರುತ್ತದೆ. ಗಾಳಿ ಬಿಡಿಸಿ ತರಲು ರಾಣಿ ಹೊರಡುತ್ತಾಳೆ. ರಾಕ್ಷಸನ ವೇಷ ನಮ್ಮ ಓಣಿಯ ಪೈಲವಾನ ಯಲ್ಲಪ್ಪನಿಗೆ. ರಾಣಿ ನಾನು!

"ನಾ ಸಾಲಿ ಕಲಸಾಕಿ. ರಾಣಿ ಹೆಂಗ ಆಗ್ಲೋ?"

"ಐವತ್ತು ಹುಡುಗರನ್ನ ಬರೇ ಕಣ್ಣಿಲೇ ಕುಂದರಸ್ತೀರಿ, ಅಕ್ಕೋರ. ರಾಜ್ಯ ಯಾವ ದೊಡ್ಡದ್ರಿ?"

ಫೌಂಡ್ರಿಯವನಲ್ಲವೇ, ನನ್ನ ಕಿರೀಟವನ್ನೂ ಬೀಡುಕಬ್ಬಿಣದಲ್ಲೇ ಎರಕ ಹೊಯ್ಸಿದ. ರಟ್ಟಿನದು ಸಾಲದೇನೋ ಎಂದರೆ, "ರಟ್ಟಿನ ಕಿರೀಟ ಹಾಕಿದ್ರ ಕುತಗಿ ಸುಳ್ಳ ಹೇಳ್ತದ್ರಿ" ಎಂದ. ಅದನ್ನು ಹೊತ್ತು ನಡೆದರೆ ಯಾವಳಾದರೂ ರಾಣಿಯಂತೆಯೇ ನಡೆಯಬೇಕು. ಬಗ್ಗಿದರೆ ಕುತ್ತಿಗೆ ಮುರಿಯುತ್ತದೆ. ಈಗಲೂ ಅದು ನನ್ನ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿದೆ.

ರವಿವಾರ ಬಂತೆಂದರೆ ಬಸ್ಸು ಹತ್ತಿ ಖಾನಾಪುರದ ಕಾಡಿಗೆ. ಎಷ್ಟು ಚೆನ್ನಾಗಿ ಮಾಡಿದರೂ ಅವನದು ಒಂದೇ ಮಾತು: "ಇನ್ನೊಂದ ಸಲ!"

"ಬಾಯಾಗ ಏನ್ ಮಾತಾಡ್ಲೋ?"

"ಏನಾರ ಮಾತಾಡ್ರಿ. ತುಟಿ ಆಡಿದ್ರ ಸಾಕು, ಮಾತು ಆಮ್ಯಾಲ ನಾ ಹಾಕ್ತೀನಿ."

ನನಗೆ ಅಷ್ಟೇ ಬೇಕಾಗಿತ್ತು. ಮುಖದಲ್ಲಿ ಗಾಂಭೀರ್ಯ ಇಟ್ಟುಕೊಂಡು, ಬಾಯಲ್ಲಿ ಮೆಲ್ಲಗೆ ಅವನ ವಂಶವನ್ನೆಲ್ಲ ಬೈದೆ. ಸಿನಿಮಾ ತೋರಿಸುವ ದಿನ ಪರದೆಯ ಹಿಂದೆ ನಿಂತು ಎಲ್ಲರ ಮಾತನ್ನೂ ಅವನೊಬ್ಬನೇ ಆಡುತ್ತಿದ್ದ. ಬೆಳಗಾವಿಯ ನಮ್ಮ ಓಣಿಯಲ್ಲಿ ಕನ್ನಡ, ಖಾನಾಪುರದಲ್ಲಿ ಮರಾಠಿ. ನನ್ನ ಬೈಗುಳದ ಮೇಲೆ ಅವನು ಸಣ್ಣ ದನಿ ತೆಗೆದು "ನನ್ನ ಪ್ರಜೆಗಳಿಗಾಗಿ ಪ್ರಾಣ ಕೊಟ್ಟೇನು" ಎನ್ನುವಾಗ ನಾನೂ ಯಲ್ಲಪ್ಪನೂ ಮುಖ ಮುಚ್ಚಿಕೊಂಡು ನಗುತ್ತಿದ್ದೆವು.

ಎರಡನೇ ಭಾಗವನ್ನು ಖಾನಾಪುರದಲ್ಲಿ ತೋರಿಸಿದಾಗ ಸಿಕ್ಕಿಬಿದ್ದೆ. ಎಲ್ಲರೂ ಕಣ್ಣೊರೆಸಿಕೊಳ್ಳುವ ಜಾಗದಲ್ಲಿ ಒಬ್ಬ ಕನ್ನಡದ ಮುದುಕಿ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಕಿವಿ ಹೋಗಿ ಎಷ್ಟೋ ವರ್ಷ, ಮಂದಿಯ ತುಟಿ ನೋಡಿಯೇ ಮಾತು ತಿಳಿಯುವಾಕಿ. ಈರಣ್ಣ ಪರದೆಯ ಹಿಂದಿನಿಂದ ಓಡಿಬಂದ.

"ಯಾಕ ನಗ್ತಿ, ಆಯಿ?"

"ನಿನ್ನ ರಾಣಿ ನಿನಗ ಬೈಯಾಕತ್ತಾಳಲ್ಲೋ, ತಮ್ಮಾ! ಕುತಗಿ ಹೋತಂತ, ಹಾಳಾದವನ, ಕಿರೀಟ ತಗೀ ಅಂತಾಳ!"

ಈರಣ್ಣ ಸಿಟ್ಟಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಸುತ್ತ ಗಿರಿಗಿರಿ ತಿರುಗಿ, "ಮೂರನೇ ಭಾಗಕ್ಕ ಖರೇ ಮಾತಾಡ್ರಿ, ಅಕ್ಕೋರ" ಎಂದ.

ಮೂರನೇ ಭಾಗದ ಕೊನೆಗೆ ರಾಕ್ಷಸ ಹೇಳುತ್ತಾನೆ: "ಗಾಳಿ ಬಿಡ್ತೀನಿ, ಆದ್ರ ನೀ ಇಲ್ಲೇ ಉಳೀಬೇಕು." ರಾಣಿಯ ಉತ್ತರ ಈರಣ್ಣನಿಗೇ ಗೊತ್ತಿರಲಿಲ್ಲ.

"ಹೂಂ ಅಂದ್ರ ರಾಣಿ ಹೋದ್ಳು, ಒಲ್ಲೆ ಅಂದ್ರ ಗಾಳಿ ಹೋತು. ತಿಂಗಳಾತು, ನಿದ್ದಿ ಇಲ್ಲ. ನೀವ ಹೇಳಿಬಿಡ್ರಿ."

ಹೇಳಿದೆ. ಹಳ್ಳದ ಸದ್ದು, ಕ್ಯಾಮೆರಾದ ಕರಕರ. ದೂರ ಬಂಡೆಯ ಮೇಲಿದ್ದ ಅವನಿಗೆ ಕೇಳಲಿಲ್ಲ. ರಾಕ್ಷಸನ ದೊಡ್ಡ ಮುಖವಾಡದೊಳಗಿದ್ದ ಯಲ್ಲಪ್ಪನಿಗೂ ಕೇಳಲಿಲ್ಲ.

"ಏನಂದ್ರಿ?"

"ಪರದೆ ಮ್ಯಾಲ ನೋಡಿ ತಿಳ್ಕೋ. ಇಷ್ಟ ದಿನ ಕಬ್ಬಿಣ ಹೊರಸಿದಿ, ಈಗ ನೀ ಒದ್ದಾಡು."

ಅವನು ಖರೇನೇ ಒದ್ದಾಡಿದ. ರೀಲು ಸವೆಯುವಷ್ಟು ಸಲ ನೋಡಿದ, ಪರದೆಗೆ ಮೂಗು ಹಚ್ಚಿ ನೋಡಿದ. ಆ ಮುದುಕಿಯನ್ನು ಹುಡುಕಿಕೊಂಡು ಖಾನಾಪುರಕ್ಕೆ ಹೋದರೆ ಆಕೆ ತೀರಿಕೊಂಡಿದ್ದಳು. ಕೊನೆಗೆ ಪರದೆಯ ಹಿಂದಿನ ಮಾತಿನಲ್ಲೇ ಒಂದು ಆಟದಲ್ಲಿ ರಾಣಿಯನ್ನು ಗುಹೆಯಲ್ಲಿ ಉಳಿಸಿದ, ಇನ್ನೊಂದರಲ್ಲಿ ಊರಿಗೆ ಕರೆತಂದ. "ನಿನ್ನೆ ಗುಹ್ಯಾಗ ಉಳದಾಕಿ ಇವತ್ತ ಹೆಂಗ ಬಂದ್ಳು?" ಎಂದು ಜನ ಜಗಳಕ್ಕೆ ನಿಂತರು. ಪ್ರತಿ ಆಟ ಮುಗಿಸಿ ನಮ್ಮ ಬಾಗಿಲಿಗೆ ಬರುತ್ತಿದ್ದ. "ಈಗರ ಹೇಳ್ರಿ." ನಾನು "ನಾಳೆ" ಎನ್ನುತ್ತಿದ್ದೆ. ಹಾಗೆನ್ನುತ್ತಿರುವಾಗಲೇ ನನಗೆ ಧಾರವಾಡಕ್ಕೆ ವರ್ಗವಾಯಿತು.

ಕೆಲವು ವರ್ಷಗಳ ಮೇಲೆ ಈರಣ್ಣ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿದ್ದಾನೆಂದು ತಿಳಿದು ಓಡಿದೆ. ಗಂಟಲಿನ ಆಪರೇಶನ್ ಆಗಿ ದನಿ ಹೋಗಿತ್ತು. ಕಿಟಕಿಯ ಹತ್ತಿರ ನಿಂತಿದ್ದ. "ಕುಂದರ್ರಿ ಅಂದ್ರ ಕೇಳೂದಿಲ್ರಿ ಇವ್ರು" ಎಂದು ನರ್ಸ್ ದೂರು ಹೇಳಿದಳು. ನನ್ನನ್ನು ಕಂಡವನೇ ಪಾಟಿ ತೆಗೆದು ಗೀಚಿದ: "ಏನಂದ್ರಿ?"

ಈ ಸಲ ನಾಳೆ ಎನ್ನಲಿಲ್ಲ.

"ಗಾಳೀನೂ ಬಿಡು, ನನ್ನೂ ಬಿಡು. ನಾ ಚೌಕಾಶಿ ಮಾಡಾಕ ಬಂದಿಲ್ಲ. ಅಂದಿದ್ದು ಅಷ್ಟ, ಈರಣ್ಣಾ."

ಅವನು ನನ್ನ ತುಟಿಯನ್ನೇ ನೋಡುತ್ತ ನಿಂತ. ಪಾಟಿಯನ್ನು ತೋಳಿನಿಂದ ಒರೆಸಿ ಮತ್ತೆ ಬರೆದ: "ಇನ್ನೊಂದ ಸಲ." ಒಂದು ಕಣ್ಣು ಮುಚ್ಚಿ, ಬೆರಳುಗಳನ್ನು ಚೌಕ ಮಾಡಿ ಹಿಡಿದ.

ನಾನು ತಲೆಯ ಮೇಲೆ ಕಿರೀಟ ಇದೆಯೆಂಬಂತೆ ಕುತ್ತಿಗೆ ನೆಟ್ಟಗೆ ಮಾಡಿದೆ. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದೆ.

ಈರಣ್ಣ ಕೈ ಇಳಿಸಿದ. ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ಮಂಚದ ಮೇಲೆ ಕೂತ. ಬಲಗಾಲು ಮಾತ್ರ ಅಲುಗುತ್ತಲೇ ಇತ್ತು.